ಸಫಾರಿಗೆ ಹೊರಡುವ ಮುನ್ನ

ಸ್ವಾಹಿಲಿ ಭಾಷೆಯಲ್ಲಿ ಸಫಾರಿ ಎಂದರೆ ಪ್ರಯಾಣ, ಅಷ್ಟೆ. ಅದಕ್ಕೆ ಬೇಟೆಯ ಅರ್ಥವನ್ನು ಅಂಟಿಸಿದವರು ವಸಾಹತು ಕಾಲದ ಬಿಳಿಯರು. ಕ್ಯಾಮೆರಾದ ಅರ್ಥ ಬಂದದ್ದು ಪ್ರವಾಸೋದ್ಯಮದಿಂದ. ಕರ್ನಾಟಕದಿಂದಲೂ ಅನೇಕರು ಇಂದು ಕೀನ್ಯಾ, ಟಾಂಜಾನಿಯಾಗಳ ರಾಷ್ಟ್ರೀಯ ಉದ್ಯಾನಗಳಿಗೆ ಹೊರಡುತ್ತಿದ್ದಾರೆ. ಎಷ್ಟು ದಿನ, ಎಷ್ಟು ಹಣ ಎಂಬ ಎರಡು ಪ್ರಶ್ನೆಗಳಲ್ಲಿ ಅವರ ಯೋಜನೆ ಸಾಮಾನ್ಯವಾಗಿ ಮುಗಿಯುತ್ತದೆ. ಆ ನೆಲ ಯಾರದು ಎಂಬ ಮೂರನೆಯ ಪ್ರಶ್ನೆ ಏಳುವುದೇ ಇಲ್ಲ.

ಪ್ರಯಾಣದ ಕಾಲವನ್ನು ನಿರ್ಧರಿಸುವುದು ಮಳೆ. ಪೂರ್ವ ಆಫ್ರಿಕಾದ ದೊಡ್ಡ ಮಳೆಗಾಲ ಮಾರ್ಚ್‌ನಿಂದ ಮೇವರೆಗೆ. ಸಣ್ಣ ಮಳೆ ನವೆಂಬರ್, ಡಿಸೆಂಬರ್‌ಗಳಲ್ಲಿ. ಸುಮಾರು 13 ಲಕ್ಷ ವೈಲ್ಡ್‌ಬೀಸ್ಟ್‌ಗಳು, ಅಂದರೆ ದನವನ್ನು ಹೋಲುವ ದೊಡ್ಡ ಹುಲ್ಲೆಗಳು, ಲಕ್ಷಗಟ್ಟಲೆ ಜೀಬ್ರಾಗಳೊಡನೆ ಈ ಮಳೆಯ ಬೆನ್ನು ಹತ್ತಿ ವರ್ಷವಿಡೀ ಸುತ್ತುತ್ತವೆ. ಜನವರಿಯಿಂದ ಮಾರ್ಚ್‌ವರೆಗೆ ಅವು ಸೆರೆಂಗೆಟಿಯ ದಕ್ಷಿಣದ ಬಯಲಿನಲ್ಲಿರುತ್ತವೆ. ಜ್ವಾಲಾಮುಖಿಯ ಬೂದಿಯಿಂದಾದ ಅಲ್ಲಿನ ಮಣ್ಣಿನಲ್ಲಿ ಬೆಳೆವ ಗಿಡ್ಡ ಹುಲ್ಲಿನಲ್ಲಿ ಕ್ಯಾಲ್ಸಿಯಂ, ರಂಜಕಗಳು ಸಮೃದ್ಧ. ಕರು ಹಾಕಿ ಹಾಲೂಡುವ ತಾಯಿಗೆ ಬೇಕಾದುದು ಅದೇ. ದಕ್ಷಿಣ ಒಣಗಿದಂತೆ ಮಂದೆ ಉತ್ತರಕ್ಕೆ ಸರಿದು, ಜುಲೈಯಿಂದ ಅಕ್ಟೋಬರ್‌ವರೆಗೆ ಮಾರಾ ನದಿಯ ಆಸುಪಾಸಿನಲ್ಲಿ ಮೇಯುತ್ತದೆ. ಮಳೆ ತಡವಾದರೆ ಮಂದೆಯೂ ತಡ. ನದಿ ದಾಟುವ ದೃಶ್ಯ ಇಂಥ ದಿನವೇ ಖಚಿತ ಎಂದು ಭರವಸೆ ಕೊಡುವ ಏಜೆಂಟರನ್ನು ನಂಬಬೇಕಾಗಿಲ್ಲ.

ಈ ಮಂದೆ ಮನುಷ್ಯರ ಸೋಂಕಿಲ್ಲದ ಕಾಡಿನ ಕೊಡುಗೆ ಎಂಬುದು ಪ್ರವಾಸಿ ಪುಸ್ತಿಕೆಗಳ ಕಲ್ಪನೆ. 1890ರ ಆಸುಪಾಸಿನಲ್ಲಿ ರಿಂಡರ್‌ಪೆಸ್ಟ್ ಎಂಬ ದನದ ಮಾರಿ ಪೂರ್ವ ಆಫ್ರಿಕಾಕ್ಕೆ ನುಗ್ಗಿ ಜಾನುವಾರುಗಳನ್ನೂ ಕಾಡುಪ್ರಾಣಿಗಳನ್ನೂ ಕೆಡವಿತು. 1960ರ ದಶಕದ ಆರಂಭದಲ್ಲಿ ಸೆರೆಂಗೆಟಿಯಲ್ಲಿದ್ದ ವೈಲ್ಡ್‌ಬೀಸ್ಟ್‌ಗಳು ಸುಮಾರು ಎರಡೂವರೆ ಲಕ್ಷ ಮಾತ್ರ. ಸುತ್ತಲಿನ ದನಗಳಿಗೆ ಲಸಿಕೆ ಹಾಕಿದ ಮೇಲೆ ಕಾಡಿನಲ್ಲಿಯೂ ರೋಗ ಅಡಗಿತು. 1970ರ ದಶಕದ ಕೊನೆಗೆ ಮಂದೆ 13 ಲಕ್ಷಕ್ಕೇರಿತು. ಮೇಯುವ ಬಾಯಿಗಳು ಹೆಚ್ಚಿದಂತೆ ಒಣಹುಲ್ಲು ಕಡಿಮೆಯಾಗಿ ಕಾಳ್ಗಿಚ್ಚು ತಗ್ಗಿತು, ಮರಗಳು ಮತ್ತೆ ಎದ್ದವು. ಹಟ್ಟಿಯ ದನದ ಆರೋಗ್ಯ ಕಾಡಿನ ಆರೋಗ್ಯವೂ ಆಗಿತ್ತು.

ಆ ಹಟ್ಟಿಗಳಲ್ಲಿ ಮಸಾಯಿ ಜನರದ್ದೂ ಇದ್ದವು. ಸೆರೆಂಗೆಟಿ 1951ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು. 1959ರಲ್ಲಿ ಬ್ರಿಟಿಷ್ ಆಡಳಿತ ಅವರನ್ನು ಅಲ್ಲಿಂದ ತೆರವುಗೊಳಿಸಿ, ಪಕ್ಕದ ಎನ್‌ಗೊರೊಂಗೊರೊವನ್ನು ಜನ, ಜಾನುವಾರು, ವನ್ಯಜೀವಿಗಳು ಒಟ್ಟಿಗೆ ಬಾಳುವ ಪ್ರದೇಶವೆಂದು ಗುರುತಿಸಿತು. 2022ರಲ್ಲಿ ಟಾಂಜಾನಿಯಾ ಸರ್ಕಾರ ಅಲ್ಲಿಂದಲೂ ಕುಟುಂಬಗಳನ್ನು ನೂರಾರು ಕಿಲೋಮೀಟರ್ ದೂರದ ಮ್ಸೊಮೆರಾಕ್ಕೆ ಸಾಗಿಸತೊಡಗಿತು. ಅದೇ ವರ್ಷದ ಜೂನ್‌ನಲ್ಲಿ ಲೊಲಿಯಾಂಡೊದ 1,500 ಚದರ ಕಿಲೋಮೀಟರ್ ಹುಲ್ಲುಗಾವಲಿಗೆ ಗಡಿಕಲ್ಲು ನೆಡಲು ಬಂದಾಗ ಪೊಲೀಸರಿಗೂ ಜನರಿಗೂ ಘರ್ಷಣೆಯಾಯಿತು. ಜನರೂ ದನಗಳೂ ಮಿತಿಮೀರಿವೆ, ಸ್ಥಳಾಂತರ ಸ್ವಇಚ್ಛೆಯದು ಎಂಬುದು ಸರ್ಕಾರದ ವಾದ. ಸಂಖ್ಯೆ ಹೆಚ್ಚಿರುವುದು ನಿಜ. ಆದರೆ ದನಗಾಹಿಗೆ ಸ್ಥಳವಿಲ್ಲವೆನ್ನುವ ನೆಲದಲ್ಲಿ, ಜ್ವಾಲಾಮುಖಿಯ ಕುಳಿಯ ಅಂಚಿನಲ್ಲಿಯೇ ಪ್ರವಾಸಿ ವಸತಿಗೃಹಗಳಿವೆ. ನಾಗರಹೊಳೆಯ ಹಾಡಿಗಳ ಕಥೆ ಬಲ್ಲವರಿಗೆ ಈ ವಾದ ಹೊಸದೇನಲ್ಲ.

ಕೀನ್ಯಾದಲ್ಲಿ ಇನ್ನೊಂದು ದಾರಿಯ ಪ್ರಯತ್ನ ನಡೆದಿದೆ. ಮಸಾಯಿ ಮಾರಾ ಮೀಸಲು ಪ್ರದೇಶದ ವಿಸ್ತಾರ ಸುಮಾರು 1,510 ಚದರ ಕಿಲೋಮೀಟರ್ ಮಾತ್ರ. ಪ್ರಾಣಿಗಳು ಅದರಾಚೆಯ ಹಿಡುವಳಿಗಳಲ್ಲಿಯೂ ಮೇಯುತ್ತವೆ. ಸಮುದಾಯದ ಭೂಮಿ ತುಂಡಾಗಿ ಬೇಲಿಗಳೆದ್ದರೆ ಆ ದಾರಿ ಮುಚ್ಚಿದಂತೆಯೇ. 2005ರ ನಂತರ ಮಸಾಯಿ ಭೂಮಾಲೀಕರು ಹಲವೆಡೆ ತಮ್ಮ ಹಿಡುವಳಿಗಳನ್ನು ಒಗ್ಗೂಡಿಸಿ, ಬೇಲಿ ಹಾಕದೆ ಪ್ರವಾಸಿ ಸಂಸ್ಥೆಗಳಿಗೆ ಗೇಣಿಗೆ ಕೊಟ್ಟರು. ಕನ್ಸರ್ವೆನ್ಸಿ ಎಂಬ ಈ ವ್ಯವಸ್ಥೆಗೆ 2013ರ ವನ್ಯಜೀವಿ ಕಾಯಿದೆ ಮಾನ್ಯತೆ ನೀಡಿತು. ಇದು ದೋಷರಹಿತವೇನಲ್ಲ. ಹಕ್ಕುಪತ್ರವಿಲ್ಲದವರಿಗೆ, ಅದರಲ್ಲೂ ಮಹಿಳೆಯರಿಗೆ ಪಾಲು ಕಡಿಮೆ; 2020ರಲ್ಲಿ ಪ್ರವಾಸಿಗರು ಬಾರದಿದ್ದಾಗ ಆದಾಯವೂ ಕುಸಿಯಿತು. ಆದರೂ ಇಲ್ಲಿ ಭೂಮಿಯ ಒಡೆತನ ದನಗಾಹಿಯ ಕೈಯಲ್ಲಿಯೇ ಉಳಿದಿದೆ.

ಆದ್ದರಿಂದ ಮುಂಗಡ ಹಣ ಕೊಡುವ ಮೊದಲು ಕೇಳಬೇಕಾದ ಪ್ರಶ್ನೆಗಳಿವೆ. ವಸತಿಗೃಹದ ನೆಲ ಯಾರದು? ಗೇಣಿ ಯಾರಿಗೆ ಸಲ್ಲುತ್ತದೆ? ಮಾರ್ಗದರ್ಶಿ ಆ ಊರಿನವನೇ? ಐದು ಉದ್ಯಾನಗಳನ್ನು ಐದು ದಿನಗಳಲ್ಲಿ ಓಡಿ ಮುಗಿಸುವುದಕ್ಕಿಂತ ಒಂದೆಡೆ ನಾಲ್ಕು ದಿನ ನಿಲ್ಲುವುದು ಲೇಸು. ದಾರಿ ಬಿಟ್ಟು ಹುಲ್ಲಿನ ಮೇಲೆ ವಾಹನ ಓಡಿಸೆಂದು ಚಾಲಕನನ್ನು ಒತ್ತಾಯಿಸಬಾರದು. ನದಿ ದಾಟುವ ಮಂದೆಗೆ ವಾಹನ ಅಡ್ಡ ನಿಲ್ಲಿಸಬಾರದು. ಪ್ಲಾಸ್ಟಿಕ್ ಚೀಲಗಳಿಗೆ ಕೀನ್ಯಾದಲ್ಲಿ 2017ರಿಂದ, ಟಾಂಜಾನಿಯಾದಲ್ಲಿ 2019ರಿಂದ ನಿಷೇಧವಿದೆ. ಕೀನ್ಯಾಕ್ಕೆ ಹೋಗುವವರು ಹಳದಿ ಜ್ವರದ ಲಸಿಕೆಯನ್ನು ಕನಿಷ್ಠ 10 ದಿನ ಮುಂಚೆ ಹಾಕಿಸಿಕೊಂಡು ಪ್ರಮಾಣಪತ್ರ ಇಟ್ಟುಕೊಳ್ಳಬೇಕು.

ಪ್ರವಾಸಿಯ ಹಣ ದನಗಾಹಿಯನ್ನು ಹೊರದೂಡುವುದಕ್ಕೂ ನೆರವಾಗಬಹುದು, ಅವನ ಹುಲ್ಲುಗಾವಲು ಬೇಲಿಯಿಲ್ಲದೆ ಉಳಿಯುವುದಕ್ಕೂ ನೆರವಾಗಬಹುದು. ಆ ಆಯ್ಕೆ ವಿಮಾನವೇರುವ ಮೊದಲೇ, ಮನೆಯಲ್ಲಿ ಕುಳಿತು ಯೋಜನೆ ಹಾಕುವಾಗಲೇ ಆಗಬೇಕು.