ವಾದ್ಯವಿಲ್ಲದೆ ಹಾಡುವವರಿಗೆ ಮೊದಲ ಜಪಾನೀ ಹಾಡು

ಜಪಾನು ದೇಶದ ವಿಶ್ವವಿದ್ಯಾನಿಲಯಗಳಲ್ಲಿ ವಿದ್ಯಾವರ್ಷವು ಏಪ್ರಿಲ್ ತಿಂಗಳಲ್ಲಿ ಆರಂಭವಾಗುತ್ತದೆ. ಆಗ ಹೊಸ ವಿದ್ಯಾರ್ಥಿಗಳನ್ನು ಕರೆದು ಸೇರಿಸಿಕೊಳ್ಳುವ ನಾನಾ ಮಂಡಲಿಗಳಲ್ಲಿ ಹಾಡುಗಾರರ ಮಂಡಲಿಯೂ ಒಂದು. ಪಿಯಾನೋ ಇಲ್ಲ, ಗಿಟಾರಿಲ್ಲ. ಐದಾರು ಮಂದಿ ಕೂಡಿ, ಒಬ್ಬರು ಹಾಡಿನ ಧಾಟಿಯನ್ನು ಹಿಡಿದರೆ ಉಳಿದವರು ಅದರ ಮೇಲಿನ ಮತ್ತು ಕೆಳಗಿನ ಸ್ವರಗಳನ್ನು ಕಂಠದಿಂದಲೇ ಸೇರಿಸುತ್ತಾರೆ. ಇದಕ್ಕೆ ಇಟಲಿಯ ಮಾತಿನಲ್ಲಿ 'ಅಕಾಪೆಲ್ಲಾ' ಎಂದು ಹೆಸರು. ಪ್ರಾರ್ಥನಾಮಂದಿರದ ರೀತಿ ಎಂದರ್ಥ. ಹೆಸರು ಹಳೆಯದಾದರೂ ಜಪಾನಿನ ಸಾಮಾನ್ಯ ಜನರಲ್ಲಿ ಇದರ ಅಭಿರುಚಿ ಹೆಚ್ಚಿದ್ದು ಇತ್ತೀಚೆಗೆ. ವಸೇದಾ ವಿಶ್ವವಿದ್ಯಾನಿಲಯದ ವಿದ್ಯಾರ್ಥಿಮಂಡಲಿಯಿಂದ ಹೊರಟ 'ಗಾಸ್ಪೆಲರ್ಸ್' ಎಂಬ ಐವರ ತಂಡವು 1994ರಲ್ಲಿ ಮೊದಲ ಮುದ್ರಿಕೆಯನ್ನು ಹೊರತಂದಿತು. 2001ರಲ್ಲಿ 'ಹಿತೋರಿ' ಎಂಬ ಹಾಡನ್ನು ಬರಿಯ ಕಂಠಗಳಿಂದಲೇ ಹಾಡಿ ಬಹು ಜನಪ್ರಿಯವಾಯಿತು. ಅದೇ ವರ್ಷ ಫುಜಿ ಟೆಲಿವಿಷನ್ನಿನಲ್ಲಿ 'ಹಾಮೊನೆಪು' ಎಂಬ ಕಾರ್ಯಕ್ರಮವು ಮೊದಲಾಗಿ, ಎಳೆಯರಲ್ಲಿಯೂ ಈ ಹವ್ಯಾಸ ಹರಡಿತು.

ಜಪಾನೀ ಚಿತ್ರಮಾಲೆಗಳ ಮೂಲಕ ಆ ಭಾಷೆಯ ಹಾಡುಗಳು ನಮ್ಮ ಮನೆಗಳಿಗೂ ಬಂದಿವೆ. ಮಕ್ಕಳು ಗೆಳೆಯರೊಡನೆ ಕೂಡಿ ಹಾಡಬೇಕೆಂದು ಹೊರಟಾಗ ಯಾವುದರಿಂದ ಆರಂಭಿಸಬೇಕೆಂಬ ಪ್ರಶ್ನೆ ಏಳುವುದು ಸಹಜ. ಇದು ಸಣ್ಣ ಪ್ರಶ್ನೆಯೆಂದು ವಾಚಕರು ತಿಳಿಯಬಾರದು. ಮೊದಲ ಹಾಡು ಕೈಕೊಟ್ಟರೆ ಹೊಸಬನು ಹಾಡನ್ನು ದೂರುವುದಿಲ್ಲ. ತನ್ನ ಕಂಠವನ್ನೇ ದೂರಿಕೊಳ್ಳುತ್ತಾನೆ. "ನನಗೆ ಹಾಡು ಬರದು" ಎಂದು ಒಮ್ಮೆ ನಿಶ್ಚಯಿಸಿಕೊಂಡವನು ಮರಳಿ ಬಾಯಿ ತೆರೆಯುವುದು ಬಹು ಕಷ್ಟ. ಆದ್ದರಿಂದ ಪ್ರಸಿದ್ಧವಾದ ಹಾಡನ್ನಲ್ಲ, ವಾದ್ಯಗಳನ್ನು ತೆಗೆದ ಮೇಲೆಯೂ ನಿಲ್ಲತಕ್ಕ ಹಾಡನ್ನು ಆರಿಸಬೇಕು.

ಇಲ್ಲಿ ಒಂದು ಭ್ರಮೆಯನ್ನು ಮೊದಲೇ ನಿವಾರಿಸಿಕೊಳ್ಳುವುದು ಮೇಲು. 1971ರಲ್ಲಿ ಕೋಬೆ ನಗರದ ವಾದ್ಯಗಾರ ಇನೋಉಎ ದೈಸುಕೆ ಎಂಬವರು ಹಾಡಿನ ಹಿಮ್ಮೇಳವನ್ನು ಮಾತ್ರ ನುಡಿಸುವ ಯಂತ್ರವನ್ನು ಬಳಕೆಗೆ ತಂದರು. 'ಕರವೋಕೆ' ಎಂದು ಲೋಕವೆಲ್ಲ ಬಲ್ಲ ವಿನೋದಕ್ಕೆ ಅದು ನಾಂದಿಯಾಯಿತು. ಯಂತ್ರದೊಡನೆ ಹಾಡುವವನಿಗೆ ಶ್ರುತಿಯನ್ನೂ ತಾಳವನ್ನೂ ಯಂತ್ರವೇ ಕಾಯ್ದುಕೊಡುತ್ತದೆ. ತಪ್ಪಿದರೂ ಹಿಮ್ಮೇಳವು ಮುಚ್ಚಿಬಿಡುತ್ತದೆ. ಬರಿಯ ಕಂಠದ ಗಾನದಲ್ಲಿ ಈ ಆಸರೆ ಇಲ್ಲ. ನಮ್ಮ ಸಂಗೀತಗಾರನಿಗೆ ತಂಬೂರಿಯಾದರೂ ಉಂಟು. ಇವರಿಗೆ ಅದೂ ಇಲ್ಲ. ಹೊಸಬರ ಶ್ರುತಿ ಹಾಡುತ್ತ ಹಾಡುತ್ತ ಕೆಳಗಿಳಿಯುವುದು ಸಾಮಾನ್ಯ. ಆದುದರಿಂದ ಯಂತ್ರದೊಡನೆ ಚೆನ್ನಾಗಿ ಹಾಡಿದ ಹಾಡೆಲ್ಲ ಇಲ್ಲಿಗೆ ಸಲ್ಲುವುದೆಂದು ನಂಬಕೂಡದು.

ಮೊದಲನೆಯ ಪರೀಕ್ಷೆ ಧಾಟಿಯದು. ಒಬ್ಬರು ಕೈತಟ್ಟಿಕೊಂಡು ಹಾಡನ್ನು ಆದ್ಯಂತವಾಗಿ ಹಾಡಲಿ. ಕೇಳುವವರಿಗೆ ಅದು ಹಾಡೆನಿಸಿದರೆ ಸರಿ. ನಡುನಡುವೆ ವಾದ್ಯಕ್ಕಾಗಿ ಕಾಯುವಂತಾದರೆ ಬಿಟ್ಟುಬಿಡಿ. ಈ ಪರೀಕ್ಷೆಯಲ್ಲಿ ಗೆಲ್ಲುವ ಹಾಡುಗಳಲ್ಲಿ 'ಉಎ ಒ ಮುಇತೆ ಅರುಕೋ' ಅಗ್ರಗಣ್ಯವಾದದ್ದು. ನಕಮುರಾ ಹಚಿದೈ ಅವರ ರಾಗಸಂಯೋಜನೆ, ಎಇ ರೊಕುಸುಕೆ ಅವರ ಮಾತು. 1961ರಲ್ಲಿ ಸಕಮೊತೊ ಕ್ಯೂ ಹಾಡಿದರು. ಅದರ ಧಾಟಿಯು ಬಹುಪಾಲು ಐದು ಸ್ವರಗಳಲ್ಲಿಯೇ ನಡೆಯುತ್ತದೆ. ನಾಲ್ಕನೆಯ ಮತ್ತು ಏಳನೆಯ ಸ್ವರಗಳನ್ನು ಬಿಟ್ಟ ಈ ಕ್ರಮವನ್ನು ಜಪಾನೀಯರು 'ಯೊನಾನುಕಿ' ಎನ್ನುತ್ತಾರೆ. ಮಧ್ಯಮ ನಿಷಾದಗಳಿಲ್ಲದ ನಮ್ಮ ಮೋಹನರಾಗದ ಸ್ವರಗಳೂ ಇವೇ ಆದುದರಿಂದ ನಮ್ಮ ಕಿವಿಗೆ ಇದು ಬೇಗ ಒಗ್ಗುತ್ತದೆ. ಆದರೆ ಸಂಗೀತ ಕಲಿತ ಮನೆಯವರು ಒಂದು ಎಚ್ಚರಿಕೆಯನ್ನು ಮರೆಯಬಾರದು. ಮೋಹನವೆಂದು ಗಮಕವನ್ನು ಸೇರಿಸಿದರೆ ಪಕ್ಕದವರ ಸ್ವರದೊಡನೆ ಕೂಡಬೇಕಾದ ಮೇಳವೇ ಕೆಡುತ್ತದೆ. ಇಲ್ಲಿ ಸ್ವರವು ನೇರವಾಗಿ, ಅಲುಗದೆ ನಿಲ್ಲಬೇಕು.

ಎರಡನೆಯದು ಎತ್ತರದ ಪರೀಕ್ಷೆ. ಹೊಸಬನ ಕಂಠವು ಆಯಾಸವಿಲ್ಲದೆ ಓಡಾಡುವುದು ಒಂದು ಸ್ಥಾಯಿ, ಅದರ ಮೇಲೆ ಎರಡು ಮೂರು ಸ್ವರ, ಇಷ್ಟೇ. ಈಚಿನ ಜಪಾನೀ ಹಾಡುಗಳು ಈ ಮೇರೆಯನ್ನು ಸುಲಭವಾಗಿ ದಾಟುತ್ತವೆ. ಕೊನೆಯ ಪಲ್ಲವಿಗೆ ಬರುವಾಗ ಇಡೀ ಹಾಡಿನ ಶ್ರುತಿಯನ್ನೇ ಏರಿಸುವ ವಾಡಿಕೆಯೂ ಅವುಗಳಲ್ಲಿ ಹೆಚ್ಚು. 2019ರಲ್ಲಿ ಹೊರಬಂದು ಎಳೆಯರೆಲ್ಲರ ಬಾಯಲ್ಲಿ ನಿಂತ 'ಯೊರು ನಿ ಕಕೆರು' ಎಂಬ 'ಯೋಅಸೊಬಿ'ಯವರ ಹಾಡನ್ನೇ ನೋಡಿ. ಮಾತಿನ ಓಟ, ಸ್ವರದ ಜಿಗಿತ, ಶ್ರುತಿಯ ಬದಲಾವಣೆ ಮೂರೂ ಒಂದೇ ಕಡೆ ಸೇರಿವೆ. ಕೇಳಲು ಸೊಗಸಾದದ್ದೇ ಹೌದು. ಆದರೆ ಎರಡು ವರ್ಷದ ಅಭ್ಯಾಸದ ಮೇಲೆ ಹಾಡತಕ್ಕದ್ದು. ಮಕ್ಕಳು ಅದನ್ನೇ ಹಟಹಿಡಿದರೆ ಬೇಡವೆನ್ನದೆ, ಮೊದಲು ಬೇರೊಂದನ್ನು ಸಾಧಿಸಿ ಬನ್ನಿರೆಂದು ಹೇಳುವುದು ಜಾಣತನ.

ಮೂರನೆಯದು ಮಾತಿನ ಪರೀಕ್ಷೆ. ಇದರಲ್ಲಿ ಕನ್ನಡಿಗರಿಗೆ ಒಂದು ಅನುಕೂಲವಿದೆ. ಜಪಾನೀ ನುಡಿಯು ಮಾತ್ರೆಯ ಲೆಕ್ಕದಲ್ಲಿ ನಡೆಯತಕ್ಕದ್ದು. 'ನಿಪ್ಪೊನ್' ಎಂಬುದಕ್ಕೆ ಅವರು ನಾಲ್ಕು ಮಾತ್ರೆ ಎಣಿಸುತ್ತಾರೆ. ನಮ್ಮ ಛಂದಸ್ಸಿನಂತೆ ಎರಡು ಗುರು ಎಂದು ಎಣಿಸಿದರೂ ನಾಲ್ಕೇ. 'ತೋಕ್ಯೋ' ಎಂಬುದಕ್ಕೂ ಹಾಗೆಯೇ. ದೀರ್ಘವನ್ನು ಹ್ರಸ್ವ ಮಾಡಿದರೆ ಅರ್ಥ ಕೆಡುವುದೂ ಎರಡು ಭಾಷೆಗಳಿಗೂ ಸಮಾನ. ಹಳೆಯ ಹಾಡುಗಳಲ್ಲಿ ಬಹುಮಟ್ಟಿಗೆ ಮಾತ್ರೆಗೊಂದು ಸ್ವರವಿರುವುದರಿಂದ, ಸಾಹಿತ್ಯವನ್ನು ಕನ್ನಡ ಲಿಪಿಯಲ್ಲಿ ಬರೆದುಕೊಂಡು ಒಂದೊಂದು ಮಾತ್ರೆಗೆ ಒಂದೊಂದು ಗೆರೆ ಹಾಕಿಕೊಂಡರೆ ಅರ್ಧ ಕೆಲಸವಾಯಿತು. ಪದದ ಕೊನೆಯ 'ನ್' ಕಾರಕ್ಕೂ ಒಂದು ಮಾತ್ರೆ ಉಂಟೆಂಬುದನ್ನು ಮಾತ್ರ ಮರೆಯಬಾರದು. ಎಷ್ಟೋ ಕಡೆ ಅದಕ್ಕೆ ಬೇರೆಯೇ ಒಂದು ಸ್ವರ ಸಲ್ಲುತ್ತದೆ.

ಅರ್ಥವನ್ನು ತಿಳಿಯದೆ ಹಾಡುವುದು ಸಲ್ಲದು. ಮೇಲೆ ಹೇಳಿದ ಸಕಮೊತೊ ಅವರ ಹಾಡು 1963ರಲ್ಲಿ ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯಲ್ಲಿ ಮೊದಲನೆಯ ಸ್ಥಾನಕ್ಕೇರಿತು. ಆದರೆ ಅಲ್ಲಿ ಅದಕ್ಕೆ ಇಟ್ಟ ಹೆಸರು 'ಸುಕಿಯಾಕಿ'. ಅದು ಗೋಮಾಂಸದ ಒಂದು ಅಡಿಗೆಯ ಹೆಸರು; ಹಾಡಿಗೂ ಅದಕ್ಕೂ ಏನೂ ಸಂಬಂಧವಿಲ್ಲ. ಮೂಲದ ಹೆಸರಿಗೆ 'ಮೇಲೆ ನೋಡುತ್ತ ನಡೆಯೋಣ' ಎಂದರ್ಥ. ದುಃಖವನ್ನು ನುಂಗಿಕೊಂಡು ನಡೆಯುವವನ ಹಾಡದು. ಇಷ್ಟು ತಿಳಿದವನು ಅದನ್ನು ಕುಣಿಯುವ ಹಾಡಿನಂತೆ ಅರಚಲಾರನು. 1985ರ ವಿಮಾನಾಪಘಾತದಲ್ಲಿ ಸಕಮೊತೊ ತೀರಿಕೊಂಡ ಮೇಲೂ ಅವರ ನಾಡಿನವರು ಇದನ್ನು ಹಾಡುತ್ತಲೇ ಬಂದಿದ್ದಾರೆ.

ನಾಲ್ಕನೆಯದು ಹಂಚಿಕೆಯ ಪರೀಕ್ಷೆ. ಜಪಾನಿನ ತಂಡಗಳಲ್ಲಿ ಧಾಟಿ, ಅದರ ಸಂಗಡದ ಮೂರು ಕಂಠ, ಮಂದ್ರ, ಬಾಯಿಯಿಂದಲೇ ನುಡಿಸುವ ತಾಳವಾದ್ಯ ಎಂದು ಆರು ಪಾತ್ರಗಳಿರುವುದುಂಟು. ಹೊಸಬರಿಗೆ ಮೂರು ಸಾಕು; ಬಾಯಿಯ ತಾಳವಾದ್ಯವನ್ನು ಮುಂದಕ್ಕೆ ಬಿಡಬಹುದು. 'ಅಕಾಇ ತೊರಿ' ತಂಡವು 1971ರಲ್ಲಿ ಮುದ್ರಿಸಿದ 'ತ್ಸುಬಸಾ ಒ ಕುದಸಾಇ' ಇದಕ್ಕೆ ಯೋಗ್ಯವಾದದ್ದು. 'ರೆಕ್ಕೆಗಳನ್ನು ಕೊಡು' ಎಂಬರ್ಥದ ಈ ಹಾಡನ್ನು ಜಪಾನಿನ ಶಾಲೆಗಳಲ್ಲಿ ಮಕ್ಕಳು ಬಹುಕಾಲದಿಂದ ಮೇಳದಲ್ಲಿ ಹಾಡುತ್ತ ಬಂದಿರುವುದರಿಂದ ಸುಲಭವಾದ ಸ್ವರಹಂಚಿಕೆಗಳು ದೊರೆಯುತ್ತವೆ. ಅದೂ ಕಷ್ಟವೆನಿಸಿದರೆ 'ಸ್ಮಾಪ್' ತಂಡದವರು 2003ರಲ್ಲಿ ಹೊರತಂದ 'ಸೆಕಾಇ ನಿ ಹಿತೊತ್ಸು ದಕೆ ನೊ ಹನಾ' ಉಂಟು. ಅದರ ಪಲ್ಲವಿಯನ್ನು ಎಲ್ಲರೂ ಒಂದೇ ಧಾಟಿಯಲ್ಲಿ ಹಾಡಿ, ಆಮೇಲೆ ಕೆಳಗಿನ ಒಂದು ಸ್ವರವನ್ನು ಸೇರಿಸಬಹುದು.

ಹಾಡು ನಿಶ್ಚಯವಾದ ಮೇಲೆ ತಿಂಗಳವರೆಗೂ ಅದೊಂದನ್ನೇ ಹಾಡಬೇಕು. ಆರಂಭದಲ್ಲಿ ಷಡ್ಜವನ್ನು ಶ್ರುತಿಪೆಟ್ಟಿಗೆಯಿಂದ ಕೇಳಿ, ಮುಗಿದೊಡನೆ ಮತ್ತೆ ಕೇಳಿ, ಎಷ್ಟು ಇಳಿದೆವೆಂದು ನೋಡಿಕೊಳ್ಳಬೇಕು. ಮೊದಲ ವಾರಕ್ಕಿಂತ ನಾಲ್ಕನೆಯ ವಾರದಲ್ಲಿ ಇಳಿತವು ಕಡಿಮೆಯಾಗಿದ್ದರೆ ಹಾಡು ಸರಿಯಾದುದೆಂದೇ ತಿಳಿಯಬೇಕು. ಇನ್ನೊಂದು ಮಾತು: ಹಾಡನ್ನು ಆರಿಸುವಾಗ ಗಟ್ಟಿ ಕಂಠದವರ ಅಭಿಪ್ರಾಯವನ್ನು ಕೊನೆಗೆ ಕೇಳಿರಿ. ಅವರು ಯಾವುದನ್ನಾದರೂ ಹಾಡಿಯಾರು. ಮೂಲೆಯಲ್ಲಿ ಮೆಲ್ಲಗೆ ಹಾಡುವ ಹುಡುಗಿಯನ್ನೋ ಹುಡುಗನನ್ನೋ ಮೊದಲು ಕೇಳಿ, ಅವರಿಗೆ ಎಟುಕುವ ಹಾಡನ್ನು ಹಿಡಿದರೆ ಮುಂದಿನ ತಿಂಗಳೂ ಮೇಳದಲ್ಲಿ ಅಷ್ಟೇ ಮಂದಿ ಇರುತ್ತಾರೆ.