ವಿಡಿಯೊ ನಿಲ್ಲಿಸುವುದನ್ನೂ ಕಲಿಯೋಣ

ಈ ಸಲದ ಬೋಧನಾ ಅಭ್ಯಾಸದಲ್ಲಿ ನನ್ನ ಪಾಲಿಗೆ ಬಂದದ್ದು ಎಂಟನೆಯ ತರಗತಿಯ ‘ದಹನ ಮತ್ತು ಜ್ವಾಲೆ’ ಪಾಠ. ಪಾಠಯೋಜನೆಯ ಮೊದಲ ಹಂತವಾದ ‘ತೊಡಗಿಸಿಕೊಳ್ಳುವಿಕೆ’ಗೆ ಏನು ಬರೆಯಲಿ ಎಂದು ಹಿಂದಿನ ರಾತ್ರಿ ಹಾಸ್ಟೆಲಿನಲ್ಲಿ ಕುಳಿತು ಹುಡುಕುತ್ತಿದ್ದಾಗ ಮೊಬೈಲಿನಲ್ಲಿ ಮೂರು ನಿಮಿಷದ ಒಂದು ವಿಡಿಯೊ ಸಿಕ್ಕಿತು. ತಟ್ಟೆಯಲ್ಲಿ ಬಣ್ಣದ ನೀರು, ನಡುವೆ ಉರಿಯುವ ಮೇಣದಬತ್ತಿ, ಅದರ ಮೇಲೆ ಬೋರಲು ಹಾಕಿದ ಗಾಜಿನ ಲೋಟ. ಬತ್ತಿ ಆರುತ್ತದೆ, ನೀರು ಸರ್ರನೆ ಲೋಟದೊಳಕ್ಕೆ ಏರುತ್ತದೆ. ಆಮ್ಲಜನಕ ಖರ್ಚಾಯಿತು, ಅದರ ಜಾಗಕ್ಕೆ ನೀರು ಬಂತು, ನೀರು ಏರಿದ ಭಾಗವೇ ಗಾಳಿಯಲ್ಲಿದ್ದ ಆಮ್ಲಜನಕ ಎಂದು ಹಿನ್ನೆಲೆಯ ದನಿ ವಿವರಿಸುತ್ತದೆ. ಚಿತ್ರ ಚೆನ್ನಾಗಿತ್ತು, ಕನ್ನಡವೂ ಸ್ಪಷ್ಟವಾಗಿತ್ತು. ನಾನು ನೆಮ್ಮದಿಯಿಂದ ಮಲಗಿದೆ.

ಮರುದಿನ ಸ್ಮಾರ್ಟ್ ಕ್ಲಾಸ್ ಕೊಠಡಿಯಲ್ಲಿ ವಿಡಿಯೊ ತೋರಿಸಿದೆ. ಮಕ್ಕಳು ಕಣ್ಣು ಮಿಟುಕಿಸದೆ ನೋಡಿದರು, ಕೊನೆಗೆ ಚಪ್ಪಾಳೆಯನ್ನೂ ತಟ್ಟಿದರು. ಆಮೇಲೆ ಎರಡನೆಯ ಸಾಲಿನ ಒಬ್ಬ ಹುಡುಗಿ ಎದ್ದು ನಿಂತಳು. “ಮಿಸ್, ಮೇಣದಬತ್ತಿ ಉರೀತಾ ಇದ್ದಾಗ್ಲೂ ಆಮ್ಲಜನಕ ಖರ್ಚಾಗ್ತಾನೇ ಇತ್ತಲ್ವಾ? ಆವಾಗ ನೀರು ಏರ್ಲೇ ಇಲ್ಲ. ಆರಿದ ಮೇಲೇ ಯಾಕೆ ಏರ್ತು?”

ವಿಡಿಯೊ ಹಿಂದಕ್ಕೆ ಓಡಿಸಿ ನೋಡಿದೆ. ಅವಳು ಹೇಳಿದಂತೆಯೇ ಇತ್ತು. ನಾನು ಆ ವಿಡಿಯೊವನ್ನು ಐದು ಸಲವಾದರೂ ನೋಡಿದ್ದೆ. ಅವಳು ಒಂದೇ ಸಲಕ್ಕೆ ಕಂಡದ್ದು ನನಗೆ ಕಂಡಿರಲಿಲ್ಲ. “ಒಳ್ಳೆಯ ಪ್ರಶ್ನೆ, ನಾಳೆ ನೋಡೋಣ” ಎಂದು ಹೇಳಿ ಮುಂದಿನ ಅಂಶಕ್ಕೆ ಹೋದೆ. ಪಾಠ ವೀಕ್ಷಿಸಿದ ಗೆಳತಿಯರು ನಮೂನೆಯಲ್ಲಿ ‘ಬೋಧನೋಪಕರಣದ ಬಳಕೆ: ಉತ್ತಮ’ ಎಂದು ಬರೆದಿದ್ದರು. ಅಂಕಗಳೂ ಬಂದವು. ಆದರೆ ಆ ಪಾಠದಲ್ಲಿ ನಡೆದ ನಿಜವಾದ ವಿಜ್ಞಾನವೆಂದರೆ ಆ ಹುಡುಗಿಯ ಪ್ರಶ್ನೆಯೊಂದೇ. ಅದನ್ನು ಬರೆದುಕೊಳ್ಳಲು ನಮೂನೆಯಲ್ಲಿ ಜಾಗವೇ ಇರಲಿಲ್ಲ.

ಅಂದು ಸಂಜೆ ನಮ್ಮ ಕಾಲೇಜಿನ ಪ್ರಯೋಗಾಲಯದಲ್ಲಿ ಅದೇ ಪ್ರಯೋಗವನ್ನು ಕೈಯಾರೆ ಮಾಡಿದೆ. ಉರಿಯುವ ಬತ್ತಿಯ ಮೇಲೆ ಲೋಟ ಇಳಿಸುತ್ತಿದ್ದಂತೆ ಅಂಚಿನಿಂದ ಕೆಲವು ಗುಳ್ಳೆಗಳು ಹೊರಬಂದವು. ಲೋಟದೊಳಗಿನ ಗಾಳಿ ಬಿಸಿಯಾಗಿ ಹಿಗ್ಗಿ, ಒಂದಷ್ಟು ಹೊರಗೆ ಹೋಗುತ್ತಿತ್ತು. ಬತ್ತಿ ಆರಿದ ಮೇಲೆ ಉಳಿದ ಗಾಳಿ ತಣ್ಣಗಾಗುತ್ತದೆ, ಒಳಗಿನ ಒತ್ತಡ ಇಳಿಯುತ್ತದೆ, ಹೊರಗಿನ ವಾಯುಭಾರ ನೀರನ್ನು ಒಳಕ್ಕೆ ತಳ್ಳುತ್ತದೆ. ನೀರು ಒಮ್ಮೆಗೇ ಏರಲು ಮುಖ್ಯ ಕಾರಣ ಇದು. ಆಮ್ಲಜನಕ ಬಳಕೆಯಾಗುವುದು ನಿಜ, ಆದರೆ ಪೂರ್ತಿಯಾಗಿ ಅಲ್ಲ. ಗಾಳಿಯಲ್ಲಿ ಸುಮಾರು ಶೇ 21ರಷ್ಟಿರುವ ಆಮ್ಲಜನಕ ಶೇ 16ರ ಆಸುಪಾಸಿಗೆ ಇಳಿದಾಗಲೇ ಮೇಣದಬತ್ತಿ ಆರಿಬಿಡುತ್ತದೆ. ಬಳಕೆಯಾದದ್ದರ ಬದಲಿಗೆ ಇಂಗಾಲದ ಡೈಆಕ್ಸೈಡ್ ಮತ್ತು ನೀರಾವಿ ಉಂಟಾಗುತ್ತವೆ.

ಅದೇ ಲೋಟದಡಿ ಮೂರು ಬತ್ತಿ ಹಚ್ಚಿ ನೋಡಿದೆ. ಲೋಟ ಅದೇ, ಅದರಲ್ಲಿ ಹಿಡಿಸುವ ಗಾಳಿಯೂ ಅಷ್ಟೇ. ವಿಡಿಯೊ ಹೇಳಿದ್ದು ಸರಿಯಾಗಿದ್ದರೆ ನೀರು ಮೊದಲಿನಷ್ಟೇ ಏರಬೇಕಿತ್ತು. ಅದಕ್ಕಿಂತ ಎಷ್ಟೋ ಮೇಲಕ್ಕೆ ಏರಿತು. ಮರುದಿನ ಇದನ್ನೇ ತರಗತಿಗೆ ಒಯ್ದೆ. ಲೋಟ ಇಡುವ ಮೊದಲು, ನೀರು ಎಲ್ಲಿಯವರೆಗೆ ಏರುತ್ತದೆ ಎಂದು ಪ್ರತಿಯೊಬ್ಬರೂ ನೋಟ್‌ಬುಕ್ಕಿನಲ್ಲಿ ಬರೆಯಬೇಕು ಎಂದೆ. ಅಂದು ಚಪ್ಪಾಳೆ ಬೀಳಲಿಲ್ಲ, ಜಗಳ ನಡೆಯಿತು. ಹಿಂದಿನ ದಿನದ ವಿಡಿಯೊ ಸರಿ ಎನ್ನುವವರು ಒಂದು ಕಡೆ, ಆ ಹುಡುಗಿಯ ಜೊತೆ ನಿಂತವರು ಇನ್ನೊಂದು ಕಡೆ. ನನ್ನ ಈವರೆಗಿನ ಪಾಠಗಳಲ್ಲಿ ಪಾಠ ಎನ್ನಿಸಿದ್ದು ಅದೇ.

ವಿಡಿಯೊ ಬೇಡ ಎಂಬುದು ನನ್ನ ವಾದವಲ್ಲ. ಆ ವಿಡಿಯೊದಲ್ಲಿ ತಪ್ಪಿತ್ತು ಎಂಬುದಷ್ಟೇ ನನ್ನ ದೂರೂ ಅಲ್ಲ. ತಪ್ಪು ನನ್ನ ಬಾಯಿಂದಲೂ ಬರಬಹುದಿತ್ತು. ನನ್ನನ್ನು ಕಾಡಿದ್ದು ಬೇರೆ. ನಾನು ಆ ವಿಡಿಯೊವನ್ನು ‘ತೊಡಗಿಸಿಕೊಳ್ಳುವಿಕೆ’ ಹಂತದಲ್ಲಿ ಬರೆದಿದ್ದೆ. ಅದು ಮೂರೇ ನಿಮಿಷದಲ್ಲಿ ಪ್ರಶ್ನೆ ಕೇಳಿತು, ಪ್ರಯೋಗ ಮಾಡಿತು, ಉತ್ತರವನ್ನೂ ಹೇಳಿತು. ಅಂದರೆ ಮುಂದಿನ ‘ಅನ್ವೇಷಣೆ’ ಮತ್ತು ‘ವಿವರಣೆ’ ಹಂತಗಳನ್ನೂ ಅದೇ ನುಂಗಿತ್ತು. ಮಕ್ಕಳಿಗೆ ಉಳಿದದ್ದು ನೋಡುವ ಕೆಲಸ ಮಾತ್ರ. ನಮ್ಮಲ್ಲಿ ಬಹುತೇಕರ ಪಾಠಯೋಜನೆಗಳಲ್ಲಿ ಇದೇ ಆಗುತ್ತಿದೆ. ಪೂರಿ ಯಾಕೆ ಉಬ್ಬುತ್ತದೆ, ಈರುಳ್ಳಿ ಹೆಚ್ಚಿದರೆ ಕಣ್ಣೀರು ಯಾಕೆ ಎಂಬಂಥ ಚುಟುಕು ವಿಡಿಯೊಗಳು ಕುತೂಹಲ ಕೆರಳಿಸುತ್ತವೆ ಎಂದು ನಾವು ಬರೆಯುತ್ತೇವೆ. ಪ್ರಶ್ನೆ ಕೇಳಿದ ಹತ್ತು ಸೆಕೆಂಡಿಗೆ ಉತ್ತರ ಬಂದುಬಿಟ್ಟರೆ ಆ ಕುತೂಹಲಕ್ಕೆ ಬದುಕಲು ಸಮಯವೆಲ್ಲಿ?

ಇದು ನನ್ನೊಬ್ಬಳ ಅನುಮಾನವಲ್ಲ. ಇಂದು ‘ವೆರಿಟಾಸಿಯಂ’ ವಿಜ್ಞಾನ ವಿಡಿಯೊಗಳಿಂದ ಹೆಸರಾಗಿರುವ ಡೆರೆಕ್ ಮುಲ್ಲರ್ 2008ರಲ್ಲಿ ಸಿಡ್ನಿ ವಿಶ್ವವಿದ್ಯಾಲಯದಲ್ಲಿ ಸಲ್ಲಿಸಿದ ಪಿಎಚ್‌ಡಿ ಪ್ರಬಂಧದ ವಿಷಯವೇ ಭೌತವಿಜ್ಞಾನದ ಕಲಿಕೆಗೆ ವಿಡಿಯೊ ಹೇಗಿರಬೇಕು ಎಂಬುದು. ಅಚ್ಚುಕಟ್ಟಾಗಿ ವಿವರಿಸುವ ವಿಡಿಯೊ ನೋಡಿದ ವಿದ್ಯಾರ್ಥಿಗಳು ಅದು ಸ್ಪಷ್ಟವಾಗಿದೆ, ಸುಲಭವಾಗಿದೆ ಎಂದರು. ಆದರೆ ಪರೀಕ್ಷೆಯಲ್ಲಿ ಅವರ ಅಂಕ ಹೆಚ್ಚೇನೂ ಏರಲಿಲ್ಲ. ಜನರಲ್ಲಿರುವ ತಪ್ಪು ಕಲ್ಪನೆಗಳನ್ನೇ ಮೊದಲು ಎತ್ತಿಕೊಂಡು ಚರ್ಚಿಸುವ ವಿಡಿಯೊ ನೋಡಿದವರು ಅದು ಗೊಂದಲವಾಗಿದೆ ಎಂದರು; ಆದರೆ ಹೆಚ್ಚು ಕಲಿತದ್ದು ಅವರೇ. ಸಲೀಸಾಗಿ ಕೇಳಿಸಿಕೊಂಡದ್ದೆಲ್ಲ ನಮಗೆ ಮೊದಲೇ ಗೊತ್ತಿತ್ತು ಎನ್ನಿಸಿಬಿಡುತ್ತದೆ. ನನ್ನ ತರಗತಿಯ ಚಪ್ಪಾಳೆಯ ಅರ್ಥ ನನಗೆ ಆಗ ಹೊಳೆಯಿತು.

ಹಾಗಾದರೆ ವಿಡಿಯೊ ಎಲ್ಲಿ ಬೇಕು? ತರಗತಿಗೆ ತರಲಾಗದ್ದನ್ನು ತೋರಿಸುವಾಗ ಬೇಕು. 1971ರ ಆಗಸ್ಟ್‌ನಲ್ಲಿ ಅಪೊಲೊ 15ರ ಗಗನಯಾತ್ರಿ ಡೇವಿಡ್ ಸ್ಕಾಟ್ ಚಂದ್ರನ ನೆಲದ ಮೇಲೆ ನಿಂತು ಒಂದು ಕೈಯಿಂದ ಸುತ್ತಿಗೆ, ಇನ್ನೊಂದು ಕೈಯಿಂದ ಹಕ್ಕಿಯ ಗರಿಯನ್ನು ಒಟ್ಟಿಗೆ ಬಿಟ್ಟರು. ಎರಡೂ ಒಟ್ಟಿಗೇ ನೆಲ ಮುಟ್ಟಿದವು. ಆ ತುಣುಕು ಒಂದು ನಿಮಿಷವೂ ಇಲ್ಲ. ನನ್ನ ಎರಡನೆಯ ವಿಡಿಯೊ ಪಾಠಕ್ಕೆ ನಾನು ಆರಿಸಿಕೊಂಡದ್ದು ಇದನ್ನೇ. ಮೊದಲು ಮಕ್ಕಳಿಂದ ಒಂದು ನಾಣ್ಯ, ಒಂದು ಕಾಗದದ ಚೂರನ್ನು ಬೀಳಿಸಿದೆವು. ಆಮೇಲೆ ವಿಡಿಯೊ ಹಾಕಿ, ಸ್ಕಾಟ್ ಕೈ ಬಿಡುವ ಮುಂಚೆಯೇ ನಿಲ್ಲಿಸಿ ಮುಂದೇನಾಗುತ್ತದೆ ಎಂದು ಬರೆಯಲು ಹೇಳಿದೆ.

ಸುತ್ತಿಗೆ ಮೊದಲು ಬೀಳುತ್ತದೆ ಎಂದು ಬರೆದವರು ಹೆಚ್ಚು. ಎರಡೂ ಒಟ್ಟಿಗೆ ಎಂದವರು ಕೆಲವರು. ನಾನು ಊಹಿಸದ ಮೂರನೆಯ ಉತ್ತರವೂ ಬಂತು: ಎರಡೂ ಬೀಳುವುದಿಲ್ಲ, ತೇಲುತ್ತವೆ. ಯಾಕೆ ಎಂದರೆ, “ಬಾಹ್ಯಾಕಾಶದಲ್ಲಿ ಗುರುತ್ವ ಇರಲ್ಲ, ವಿಡಿಯೊದಲ್ಲಿ ನೋಡಿದ್ದೀನಿ” ಎಂದ ಒಬ್ಬ. ಗಗನಯಾತ್ರಿಗಳು ತೇಲುವುದನ್ನು ತೋರಿಸಿ ಅಲ್ಲಿ ಗುರುತ್ವವೇ ಇಲ್ಲ ಎಂದು ಹೇಳುವ ಚುಟುಕು ವಿಡಿಯೊಗಳು ಸಾಕಷ್ಟಿವೆ. ಸುಮಾರು 400 ಕಿಲೋಮೀಟರ್ ಎತ್ತರದ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಲ್ಲಿ ಭೂಮಿಯ ಗುರುತ್ವ ನೆಲದ ಮೇಲಿರುವುದರ ಹತ್ತರಲ್ಲಿ ಒಂಬತ್ತು ಪಾಲಿನಷ್ಟು ಇದ್ದೇ ಇರುತ್ತದೆ. ನಿಲ್ದಾಣ ಮತ್ತು ಅದರೊಳಗಿನವರು ಭೂಮಿಯ ಸುತ್ತ ಒಟ್ಟಿಗೇ ಬೀಳುತ್ತಿರುವುದರಿಂದ ಅವರು ತೇಲಿದಂತೆ ಕಾಣುತ್ತಾರೆ. ಇದನ್ನು ಹೇಳುವ ಸಂದರ್ಭ ಒದಗಿದ್ದೇ ನಾನು ವಿಡಿಯೊ ನಿಲ್ಲಿಸಿದ್ದರಿಂದ. ನಿಲ್ಲಿಸದಿದ್ದರೆ ಆ ಹುಡುಗನ ತಲೆಯಲ್ಲಿ ಹಳೆಯ ವಿಡಿಯೊ, ಹೊಸ ವಿಡಿಯೊ ಎರಡೂ ಅಕ್ಕಪಕ್ಕ ಜಗಳವಿಲ್ಲದೆ ಕುಳಿತಿರುತ್ತಿದ್ದವು.

ಇನ್ನೊಂದು ಬಗೆಯ ವಿಡಿಯೊವೂ ಒಳ್ಳೆಯದೇ: ನೋಡಿದವರ ಕೈಗೆ ಕೆಲಸ ಕೊಡುವಂಥದ್ದು. ಕಸದಿಂದ ರಸ ಎನ್ನುವ ಮಾತಿಗೆ ಅರವಿಂದ್ ಗುಪ್ತಾ ಅವರ ಆಟಿಕೆಗಳಿಗಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. ಐಐಟಿ ಕಾನ್ಪುರದಲ್ಲಿ ಎಂಜಿನಿಯರಿಂಗ್ ಓದಿದ ಅವರು ಬೆಂಕಿಕಡ್ಡಿ, ಹಳೆಯ ಸೈಕಲ್ ಟ್ಯೂಬ್, ಕಾಗದಗಳಿಂದ ವಿಜ್ಞಾನದ ಆಟಿಕೆ ಮಾಡುವುದನ್ನು ಚಿಕ್ಕ ಚಿಕ್ಕ ಚಿತ್ರಗಳಲ್ಲಿ ತೋರಿಸಿದ್ದಾರೆ. ಜ್ಯೂಸ್ ಕುಡಿಯುವ ಸ್ಟ್ರಾದ ತುದಿಯನ್ನು ಚಪ್ಪಟೆ ಮಾಡಿ, ಚೂಪಾಗಿ ಕತ್ತರಿಸಿ ಊದಿದರೆ ಅದು ಪೀಪಿಯಾಗುತ್ತದೆ. ಊದುತ್ತಲೇ ಕತ್ತರಿಸುತ್ತ ಹೋದರೆ ಸ್ವರ ಏರುತ್ತ ಹೋಗುತ್ತದೆ. ಇದನ್ನು ನೋಡಿದ ಮಗು ಮುಂದಿನ ವಿಡಿಯೊ ಹುಡುಕುವುದಿಲ್ಲ, ಕತ್ತರಿ ಹುಡುಕುತ್ತದೆ.

ಗೆಳೆಯರು ಹೇಳುವ ಆಕ್ಷೇಪಗಳು ನನಗೂ ಗೊತ್ತು. ನಲವತ್ತು ನಿಮಿಷದ ಅವಧಿ, ಹಾಜರಿಗೇ ಐದು ನಿಮಿಷ, ಮುಗಿಸಲೇಬೇಕಾದ ಪಾಠಭಾಗ, ಬೀರುವಿನ ಬೀಗದ ಕೈ ಸಿಗದ ಪ್ರಯೋಗಾಲಯ. ಎಲ್ಲವೂ ನಿಜ. ಆದರೆ ಮೂರು ನಿಮಿಷದ ವಿಡಿಯೊವನ್ನು ಒಂದೂವರೆ ನಿಮಿಷಕ್ಕೆ ನಿಲ್ಲಿಸಿ, ಉಳಿದ ಒಂದೂವರೆ ನಿಮಿಷ ಮಕ್ಕಳಿಗೆ ಬರೆಯಲು ಕೊಟ್ಟರೆ ಸಮಯ ಹೆಚ್ಚೇನೂ ಬೇಡ. ಮೇಣದಬತ್ತಿ, ತಟ್ಟೆ, ಲೋಟಕ್ಕೆ ಪ್ರಯೋಗಾಲಯದ ಬೀಗದ ಕೈಯೂ ಬೇಡ. ಒಳಗಿನ ಭಯ ಬೇರೆಯೇ ಇದೆ. ನಾವು ಹೊಸಬರು, ಮಕ್ಕಳ ಪ್ರಶ್ನೆಗೆ ಉತ್ತರ ತೋಚದಿದ್ದರೆ ಎಂಬ ಅಳುಕು. ವಿಡಿಯೊ ಓಡುತ್ತಿರುವಷ್ಟು ಹೊತ್ತು ಯಾರೂ ನಮ್ಮನ್ನು ಕೇಳುವುದಿಲ್ಲ. ನಾನೂ ಆ ರಾತ್ರಿ ಅದರ ಹಿಂದೆ ಅಡಗಿಕೊಳ್ಳಲೆಂದೇ ಅದನ್ನು ಆರಿಸಿದ್ದೆ ಎಂದು ಈಗ ಒಪ್ಪಿಕೊಳ್ಳುತ್ತೇನೆ.

ಪರದೆಯ ಮೂಲಕ ಪಾಠ ಎಂಬುದು ನಮ್ಮ ನಾಡಿಗೆ ಹೊಸದೇನಲ್ಲ. 1975–76ರಲ್ಲಿ ‘ಸೈಟ್’ ಎಂಬ ಉಪಗ್ರಹ ದೂರದರ್ಶನ ಪ್ರಯೋಗ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಲ್ಲಿ ನಡೆಯಿತು. ನಮ್ಮ ಬಿಜಾಪುರ, ಗುಲ್ಬರ್ಗ, ರಾಯಚೂರು ಜಿಲ್ಲೆಗಳ ಹಳ್ಳಿಗಳೂ ಅದರಲ್ಲಿದ್ದವು. ಶಾಲಾ ಮಕ್ಕಳಿಗೆ ಕನ್ನಡದಲ್ಲೇ ಕಾರ್ಯಕ್ರಮಗಳು ಬಂದವು. ಅಂದಿನ ಶಿಕ್ಷಕರಿಗೆ ಆ ಟಿ.ವಿ.ಯನ್ನು ನಡುವೆ ನಿಲ್ಲಿಸಿ ಮಕ್ಕಳನ್ನು ಪ್ರಶ್ನೆ ಕೇಳುವ ಅವಕಾಶ ಇರಲಿಲ್ಲ. ಕಾರ್ಯಕ್ರಮ ತನ್ನ ಪಾಡಿಗೆ ಓಡುತ್ತಿತ್ತು. ಐವತ್ತು ವರ್ಷಗಳ ನಂತರ ನಮ್ಮ ಬೆರಳ ತುದಿಯಲ್ಲಿ ಆ ಗುಂಡಿ ಇದೆ. ನಾವು ಅದನ್ನು ಒತ್ತುತ್ತಿಲ್ಲ.

ಆದ್ದರಿಂದ ಗುರುಗಳಲ್ಲಿ, ಸಹಪಾಠಿಗಳಲ್ಲಿ ನನ್ನದೊಂದು ಸಲಹೆ. ಪಾಠಯೋಜನೆಯಲ್ಲಿ ವಿಡಿಯೊ ಬರೆದಾಗ ಅದರ ಹೆಸರಿನ ಕೆಳಗೆ ಮೂರು ಸಾಲು ಕಡ್ಡಾಯವಾಗಲಿ: ಎಲ್ಲಿ ನಿಲ್ಲಿಸುತ್ತೇನೆ, ನಿಲ್ಲಿಸಿ ಏನು ಕೇಳುತ್ತೇನೆ, ಅದರಲ್ಲಿ ಹೇಳಿದ್ದನ್ನು ನಾನು ಹೇಗೆ ಪರೀಕ್ಷಿಸಿದ್ದೇನೆ. ಮೂರನೆಯ ಸಾಲಿಗೆ ಉತ್ತರವಿಲ್ಲದಿದ್ದರೆ ಆ ವಿಡಿಯೊ ತರಗತಿಗೆ ಬರುವುದು ಬೇಡ. ವೀಕ್ಷಣಾ ನಮೂನೆಗೂ ಒಂದು ಅಂಕಣ ಸೇರಲಿ: ‘ಈ ಅವಧಿಯಲ್ಲಿ ಮಕ್ಕಳು ಕೇಳಿದ ಪ್ರಶ್ನೆಗಳು’. ಅದು ಖಾಲಿ ಉಳಿದರೆ ಬೋಧನೋಪಕರಣಕ್ಕೆ ‘ಉತ್ತಮ’ ಎಂದು ಬರೆಯುವ ಮುನ್ನ ವೀಕ್ಷಕರು ಒಂದು ಕ್ಷಣ ಯೋಚಿಸಲಿ.

ಅಭ್ಯಾಸ ಮುಗಿಸಿ ಬರುವ ದಿನ ಆ ಹುಡುಗಿ ಮತ್ತೆ ಎದುರಾದಳು. ಮನೆಯಲ್ಲಿ ಸ್ಟೀಲ್ ಲೋಟದಲ್ಲಿ ಪ್ರಯೋಗ ಮಾಡಿದಳಂತೆ, ಒಳಗೆ ಏನೂ ಕಾಣಲಿಲ್ಲವಂತೆ. “ನೀರು ಏರಿತೋ ಇಲ್ವೋ ಹೇಗೆ ಗೊತ್ತಾಗುತ್ತೆ ಮಿಸ್?” ಎಂದಳು. ಈ ಸಲ ನಾನು ನಾಳೆ ಎನ್ನಲಿಲ್ಲ. “ಲೋಟದ ಹೊರಗೆ ತಟ್ಟೆಯಲ್ಲಿ ಉಳಿದ ನೀರನ್ನ ನೋಡಿದ್ಯಾ?” ಎಂದು ಕೇಳಿದೆ. ಅವಳು ಒಂದು ಗಳಿಗೆ ಸುಮ್ಮನಿದ್ದು, ತಲೆಯಾಡಿಸಿ ಓಡಿದಳು.