ಭಾಗ 3: ‘ಈ ಸಲ ಗೆಲ್ತಾರೇನು?’ ಅಂತ ಕೇಳಬ್ಯಾಡ್ರಿ

ಸ್ಟೋರಿಗೆ ಎಲ್ಲಾರೂ ಒಂದೇ ಪ್ರಶ್ನೆ ಹಾಕೀರಿ: ನಮ್ಮ ಬಾಸ್ಕೆಟ್‌ಬಾಲ್ ಟೀಮ್ ಈ ಸಲ ಗೆಲ್ತೈತೇನು? ಮೊದಲು ಆಡಿದ್ರ ಅಲ್ಲೇನ್ರಿ ಗೆಲ್ಲೋದು!

ನಮ್ಮ ಕಡೆ ಇಂಟರ್ ಕಾಲೇಜು ಅಂದ್ರ ಬಹುತೇಕ ನಾಕೌಟ್. ಮೊದಲ ಪಂದ್ಯ ಸೋತ್ರ ಬ್ಯಾಗ್ ಎತ್ತಿ ಬಸ್ ಹತ್ತಬೇಕು. ಹತ್ತು ನಿಮಿಷದ ನಾಲ್ಕು ಕ್ವಾರ್ಟರ್, ಅಂದ್ರ ವರ್ಷಕ್ಕ 40 ನಿಮಿಷ. ಒಂದು ದಿನದ ವ್ಯಾಪಾರ ನೋಡಿ ವರ್ಷದ ಲಾಭ-ನಷ್ಟ ಬರದ್ರ ಅಕೌಂಟ್ಸ್ ಸರ್ ಬಿಡ್ತಾರೇನು?

ಅಮೆರಿಕದ ಮಾರ್ಚ್ ಟೂರ್ನಿ ರೀಲ್ಸ್ ಶೇರ್ ಮಾಡ್ತೀರಲ್ಲ, ಅದೂ ನಾಕೌಟೇ. ಆದರೆ ಅಲ್ಲಿಗೆ ಬರೋ 68 ತಂಡಗಳು ಅದಕ್ಕೂ ಮೊದಲೇ ಸುಮಾರು 30 ಪಂದ್ಯ ಆಡಿರ್ತಾವ. ನಮಗ ಕೊನೇ ವಾರನೇ ಮೊದಲ ವಾರ.

‘ರೊಕ್ಕ ಎಲ್ಲಿಂದ?’ ಅಂತೀರಿ. ಅಣ್ಣನ ಬರ್ತ್‌ಡೇ ಕ್ರಿಕೆಟ್ ಟ್ರೋಫಿ ಬ್ಯಾನರಿಗೆ ಎಲ್ಲಿಂದ ಬರ್ತೈತೋ ಅಲ್ಲಿಂದ. ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ಲ, ಒಬ್ಬರ ಊರಿಗೆ ಒಬ್ಬರು ಹೋಗಿ ಆಡಿದ್ರ ಟೀಮಿಗೆ 6 ಪಂದ್ಯ. ಅದರಾಗ ಬಸ್ ಹತ್ತೋದು ಮೂರೇ ಸಲ, ಮುಂಜಾನೆ ಹೋಗಿ ಸಂಜೀಕ ವಾಪಸ್. ಹುಡುಗ್ಯಾರ ಟೀಮಿಗೆ ಶಕ್ತಿ ಯೋಜನೆಯೊಳಗ ಟಿಕೆಟ್ ಖರ್ಚೂ ಇಲ್ಲ.

ಪೂರಾ ಕೋರ್ಟ್ ಇಲ್ಲಾ? ತ್ರೀ ಆನ್ ತ್ರೀ ಆಡ್ರಿ. ಅರ್ಧ ಕೋರ್ಟ್, ಒಂದು ರಿಂಗ್, ಸಬ್‌ಸ್ಟಿಟ್ಯೂಟ್ ಸೇರಿ ನಾಲ್ಕೇ ಮಂದಿ. 10 ನಿಮಿಷ, ಇಲ್ಲಾ ಮೊದಲು 21 ಪಾಯಿಂಟ್. ಟೋಕಿಯೊ ಒಲಿಂಪಿಕ್ಸ್‌ನಾಗ ಪದಕ ಕೊಟ್ಟ ಆಟ ಅದು, ಗಲ್ಲಿ ಆಟ ಅಂತ ಮೂಗು ಮುರೀಬ್ಯಾಡ್ರಿ.

ಸೋಮವಾರ ಪಿ.ಡಿ. ಸರ್ ಹತ್ರ ಪಟ್ಟಿ ಹಿಡ್ಕೊಂಡು ಹೋಗ್ತೀನಿ. ಬರೋರು ಕಾಮೆಂಟ್‌ನಾಗ ಹೆಸರು, ಸೆಮಿಸ್ಟರ್ ಹಾಕ್ರಿ. ಬರೇ ಬೆಂಕಿ ಇಮೋಜಿ ಹಾಕಬ್ಯಾಡ್ರಿ.